ಹೆಗಲ ಮೇಲಿನ ಆ ಒಂದು ನೋಟ: ಐಸ್ ಹಾಕಿ ತರಬೇತುದಾರರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಎರಡೇ ವಿಷಯಗಳ ಸುತ್ತ ಇವೆ: ತಂಡವು ತನ್ನ ಗೋಲಿನ ಕಡೆಯ ವಲಯದಿಂದ ಪಕ್ ಅನ್ನು, ಅಂದರೆ ಆಟದ ರಬ್ಬರ್ ಬಿಲ್ಲೆಯನ್ನು, ಹೊರತರುವ ಬ್ರೇಕ್‌ಔಟ್, ಮತ್ತು ಪಕ್ ಕೈಬದಲಾದ ಕ್ಷಣದಲ್ಲಿ ರಕ್ಷಣೆಯಿಂದ ದಾಳಿಗೆ ಅಥವಾ ದಾಳಿಯಿಂದ ರಕ್ಷಣೆಗೆ ಹೊರಳುವ ಟ್ರಾನ್ಸಿಷನ್ ಆಟ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟು, ಇವನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಹದಿಮೂರು, ಹದಿನಾಲ್ಕು ವಯಸ್ಸಿನ ಮಕ್ಕಳ ತಂಡಕ್ಕೆ ತರಬೇತಿ ನೀಡುತ್ತಿದ್ದೇನೆ. ಎದುರಾಳಿಗಳಿಲ್ಲದೆ ಐವರು ಸೇರಿ ಮಾಡುವ ಬ್ರೇಕ್‌ಔಟ್ ಅಭ್ಯಾಸ ನಮ್ಮಲ್ಲಿ ನೋಡಲು ಸೊಗಸಾಗಿ ನಡೆಯುತ್ತದೆ. ಪಂದ್ಯದಲ್ಲಿ ಮಾತ್ರ ಎದುರಾಳಿಯ ಮೊದಲ ಆಟಗಾರ ನುಗ್ಗಿ ಬಂದ ಕೂಡಲೇ ಎಲ್ಲವೂ ಕುಸಿಯುತ್ತದೆ. ಮಕ್ಕಳು ಪಕ್ ಅನ್ನು ಅಂಗಳದ ಸುತ್ತಲಿನ ಗೋಡೆಗೆ, ಅಂದರೆ ಬೋರ್ಡಿಗೆ, ಬಡಿದು ಕೈತೊಳೆದುಕೊಳ್ಳುತ್ತಾರೆ. ಅಭ್ಯಾಸವನ್ನು ಇನ್ನಷ್ಟು ಹೆಚ್ಚಿಸಬೇಕೇ?

ಉತ್ತರ: ಹೆಚ್ಚಿಸಬೇಕಿಲ್ಲ, ಬದಲಿಸಬೇಕು. ಎದುರಾಳಿಗಳಿಲ್ಲದ ಅಭ್ಯಾಸವು ಯಾರು ಎಲ್ಲಿ ಇರಬೇಕು ಎಂಬ ನಕ್ಷೆಯನ್ನು ಮಕ್ಕಳ ತಲೆಯಲ್ಲಿ ಮೂಡಿಸುತ್ತದೆ. ಅದರ ಕೆಲಸ ಅಲ್ಲಿಗೆ ಮುಗಿಯಿತು. ನಾನೂ ತರಬೇತಿಗೆ ಇಳಿದ ಮೊದಲ ವರ್ಷವಿಡೀ ಅದನ್ನೇ ಮಾಡಿಸಿ, ಪಾಸುಗಳು ಒಂದು ಸ್ಟಿಕ್ಕಿನಿಂದ ಇನ್ನೊಂದಕ್ಕೆ ಟಪ್ ಟಪ್ ಎಂದು ಬಂದು ಸೇರುವುದನ್ನು ಕಂಡು ಹಿಗ್ಗಿ, ಪಂದ್ಯದ ದಿನ ಪೆಚ್ಚುಮೋರೆ ಹಾಕಿಕೊಂಡು ಮನೆಗೆ ಬಂದವನೇ. ಬ್ರೇಕ್‌ಔಟ್ ಕೆಡುವುದು ಪಾಸಿನಲ್ಲಲ್ಲ, ಪಾಸಿಗಿಂತ ಮುಂಚಿನ ಎರಡು ಸೆಕೆಂಡುಗಳಲ್ಲಿ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಆ ಎರಡು ಸೆಕೆಂಡುಗಳನ್ನು ಹತ್ತಿರದಿಂದ ನೋಡೋಣ. ಉತ್ತರ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್ ಅಳತೆಯ ರಿಂಕ್ (ಆಟದ ಮಂಜುಗಡ್ಡೆಯ ಅಂಗಳ) 200 ಅಡಿ ಉದ್ದ, 85 ಅಡಿ ಅಗಲ ಇರುತ್ತದೆ. ಅದರಲ್ಲಿ ತಂಡದ ವಲಯ ಮುಗಿಯುವ ನೀಲಿ ಗೆರೆಯಿಂದ ಗೋಲ್ ಗೆರೆಗೆ 64 ಅಡಿ, ಅಲ್ಲಿಂದ ಹಿಂಬದಿಯ ಬೋರ್ಡಿಗೆ 11 ಅಡಿ. ಎದುರಾಳಿಯು ಪಕ್ ಅನ್ನು ಮೂಲೆಗೆ ಎಸೆದಾಗ ನಿಮ್ಮ ರಕ್ಷಣಾ ಆಟಗಾರನು ಆಟಕ್ಕೆ ಬೆನ್ನು ತಿರುಗಿಸಿ ಆ ದೂರವನ್ನು ಓಡಬೇಕು. ಪಕ್ ಕಸಿಯಲು ನುಗ್ಗಿ ಬರುವ, ಅಂದರೆ ಫೋರ್‌ಚೆಕ್ ಮಾಡುವ, ಎದುರಾಳಿ ಅವನ ಬೆನ್ನ ಹಿಂದೆಯೇ ಇರುತ್ತಾನೆ. ಪಕ್ ಮುಟ್ಟಿದ ಮೇಲೆ ತಲೆಯೆತ್ತಿ ಯಾರಿಗೆ ಕೊಡಲಿ ಎಂದು ಹುಡುಕುವ ಹುಡುಗನಿಗೆ ಅಷ್ಟರಲ್ಲಿ ಪೆಟ್ಟು ಬಿದ್ದಿರುತ್ತದೆ. ಓಡುತ್ತಿರುವಾಗಲೇ ಎರಡು ಸಲ ಹೆಗಲ ಮೇಲಿಂದ ಹಿಂತಿರುಗಿ ನೋಡಿದವನಿಗೆ, ಅಂದರೆ ತಿರುಗಿದ ಕೂಡಲೇ ಒಮ್ಮೆ, ಪಕ್‌ಗೆ ಇನ್ನು ಮೂರು ನಾಲ್ಕು ಮೀಟರ್ ಇರುವಾಗ ಇನ್ನೊಮ್ಮೆ ನೋಡಿದವನಿಗೆ, ಎದುರಾಳಿ ಯಾವ ಬದಿಯಿಂದ ಬರುತ್ತಿದ್ದಾನೆ, ತನ್ನ ಜೊತೆಗಾರ ಎಲ್ಲಿದ್ದಾನೆ ಎಂಬುದು ಪಕ್ ಮುಟ್ಟುವ ಮೊದಲೇ ಗೊತ್ತಿರುತ್ತದೆ. ಆದ್ದರಿಂದ ಅಭ್ಯಾಸ ಶುರುವಾಗಬೇಕಾದದ್ದು ಆ ನೋಟದಿಂದ.

ನಾನು ಮಾಡಿಸುವುದು ಹೀಗೆ. ರಕ್ಷಣಾ ಆಟಗಾರ ನೀಲಿ ಗೆರೆಯ ಮೇಲೆ ಇರುತ್ತಾನೆ; ಎರಡು ನೀಲಿ ಗೆರೆಗಳ ನಡುವಿನ ಮಧ್ಯ ವಲಯದಲ್ಲಿ ನಿಂತ ನಾನು ಪಕ್ ಅನ್ನು ಮೂಲೆಗೆ ತಳ್ಳುತ್ತೇನೆ. ಅವನು ತಿರುಗಿ ಓಡತೊಡಗಿದ ಮೇಲೆ ನನ್ನ ಪಕ್ಕದ ಸಹಾಯಕರು ಎಡಗೈಯನ್ನೋ ಬಲಗೈಯನ್ನೋ ಮೇಲೆತ್ತುತ್ತಾರೆ. ಪಕ್ ಮುಟ್ಟುವ ಮೊದಲು ಹುಡುಗನು ಯಾವ ಕೈ ಎಂದು ಕೂಗಿ ಹೇಳಬೇಕು, ಮತ್ತು ಆ ಕೈಯ ಕಡೆಯಿಂದ ಎದುರಾಳಿ ಬರುತ್ತಿದ್ದಾನೆ ಎಂದುಕೊಂಡು ಇನ್ನೊಂದು ಬದಿಗೆ ತಿರುಗಿ ಹೊರಬರಬೇಕು. ಕೂಗದಿದ್ದರೆ ಆ ಸರದಿ ಲೆಕ್ಕಕ್ಕಿಲ್ಲ. ಮೊದಲ ದಿನ ಅರ್ಧದಷ್ಟು ಮಕ್ಕಳು ಕೂಗುವುದನ್ನು ಮರೆಯುತ್ತಾರೆ. ಇನ್ನು ಕೆಲವರು ಊಹಿಸಿ ಕೂಗುತ್ತಾರೆ, ಅದಕ್ಕಾಗಿ ಸಹಾಯಕರು ಆಗಾಗ ಎರಡೂ ಕೈ ಎತ್ತುವುದು ಒಳ್ಳೆಯದು. ಇದೇ ಹೊತ್ತಿನಲ್ಲಿ ಪಕ್ ಕಡೆಗೆ ನೆಟ್ಟಗೆ ಓಡದೆ ಸ್ವಲ್ಪ ಬಾಗಿದ ದಾರಿಯಲ್ಲಿ ಹೋಗುವುದನ್ನೂ, ಎದುರಾಳಿ ಮತ್ತು ಪಕ್ ನಡುವೆ ತನ್ನ ಮೈಯನ್ನು ತರುವುದನ್ನೂ, ಕಾಲು ನಿಲ್ಲಿಸದೆ ತಿರುಗುವುದನ್ನೂ ಹೇಳಿಕೊಡಿ. ನಿಂತವನು ಸಿಕ್ಕಿಬೀಳುತ್ತಾನೆ.

ಇದು ರೂಢಿಯಾದ ಮೇಲೆ ನಿಜವಾದ ಎದುರಾಳಿಯನ್ನು ಬಿಡಿ. ಮೊದಲು ಅವನು ರಿಂಕ್‌ನ ನಡುವಿನ ಕೆಂಪು ಗೆರೆಯಿಂದ, ಒಂದು ಸೆಕೆಂಡು ತಡವಾಗಿ, ಸ್ಟಿಕ್ಕನ್ನು ತಲೆಕೆಳಗಾಗಿ ಹಿಡಿದು ಬರಲಿ. ಆಗ ಅವನು ಪಕ್ ಕಸಿಯಲಾರ, ಆದರೆ ದಾರಿಯನ್ನು ಮುಚ್ಚಬಲ್ಲ. ಕೆಲವು ದಿನಗಳ ನಂತರ ಸ್ಟಿಕ್ಕನ್ನು ಸರಿಯಾಗಿ ಹಿಡಿಯಲಿ, ಇನ್ನೂ ಹತ್ತಿರದಿಂದ ಹೊರಡಲಿ. ಆಮೇಲೆ ಇಬ್ಬರು ಎದುರಾಳಿಗಳು, ಕೊನೆಗೆ ಐವರಿಗೆ ಐವರು. ಅಂಕಗಳನ್ನೂ ಇಡಿ: ಪಕ್ ಅನ್ನು ಹಿಡಿತದಲ್ಲಿಟ್ಟುಕೊಂಡು ನೀಲಿ ಗೆರೆ ದಾಟಿದರೆ ಎರಡು, ಬರಿದೇ ಹೊರಗೆ ತಳ್ಳಿದರೆ ಒಂದು, ಒಳಗೆ ಕಳೆದುಕೊಂಡರೆ ಎದುರಾಳಿಗೆ ಎರಡು. ಒತ್ತಡ ಮಿತಿಮೀರಿದಾಗ ಪಕ್ ಅನ್ನು ಹೊರಗೆ ತಳ್ಳುವುದು ತಪ್ಪಲ್ಲ ಎಂಬುದನ್ನು ಆ ನಡುವಿನ ಒಂದು ಅಂಕ ಮಕ್ಕಳಿಗೆ ಹೇಳದೆಯೇ ಹೇಳುತ್ತದೆ. ಎದುರಾಳಿಗಳಿಲ್ಲದ ಅಭ್ಯಾಸವನ್ನು ಪೂರ್ತಿ ಬಿಡಬೇಕೆಂದಲ್ಲ. ದಿನದ ಆರಂಭದಲ್ಲಿ ಮೈ ಬಿಸಿಯಾಗಲು ಒಬ್ಬೊಬ್ಬರಿಗೆ ಎರಡು ಸರದಿ ಸಾಕು.

ಪ್ರಶ್ನೆ: ಬ್ರೇಕ್‌ಔಟ್‌ಗೆ ಅಪ್, ಓವರ್, ವ್ಹೀಲ್, ರಿವರ್ಸ್, ರಿಮ್ ಎಂದು ಐದು ಕರೆಗಳನ್ನು ಕಲಿಸಿದ್ದೇನೆ. ಪಂದ್ಯದಲ್ಲಿ ಯಾರೂ ಯಾವುದನ್ನೂ ಕೂಗುವುದಿಲ್ಲ. ಎಷ್ಟು ಕರೆಗಳು ಬೇಕು, ಅವನ್ನು ಯಾರು ಕೂಗಬೇಕು?

ಉತ್ತರ: ಹೊಸಬರಿಗಾಗಿ ಅರ್ಥವನ್ನು ಮೊದಲು ಹೇಳಿಬಿಡುತ್ತೇನೆ. ಪಕ್ ತೆಗೆದುಕೊಂಡವನು ತಿರುಗಿ ಅದೇ ಬದಿಯ ಅಂಚಿನಲ್ಲಿ ಆಡುವ ದಾಳಿ ಆಟಗಾರನಿಗೆ, ಅಂದರೆ ವಿಂಗರ್‌ಗೆ, ಕೊಡುವುದು ಅಪ್. ಗೋಲಿನ ಹಿಂದಿನಿಂದ ಇನ್ನೊಂದು ಬದಿಯ ರಕ್ಷಣಾ ಜೊತೆಗಾರನಿಗೆ ದಾಟಿಸುವುದು ಓವರ್. ಗೋಲನ್ನೇ ಮರೆಯಾಗಿಸಿಕೊಂಡು ತಾನೇ ಪಕ್ ಸಮೇತ ಸುತ್ತಿ ಬರುವುದು ವ್ಹೀಲ್. ಒಂದು ಕಡೆಗೆ ಓಡುವಂತೆ ಮಾಡಿ, ಎದುರಾಳಿ ಬೆನ್ನಟ್ಟಿದಾಗ ಪಕ್ ಅನ್ನು ಬೋರ್ಡಿಗೆ ತಾಗಿಸಿ ಬಂದ ದಿಕ್ಕಿಗೇ ಜೊತೆಗಾರನಿಗೆ ಬಿಟ್ಟುಹೋಗುವುದು ರಿವರ್ಸ್. ಬೋರ್ಡಿನ ಗುಂಟ ಬಲವಾಗಿ ಸುತ್ತಿಸಿ ಕಳುಹಿಸುವುದು ರಿಮ್.

ನಿಮ್ಮ ಮಕ್ಕಳ ವಯಸ್ಸಿಗೆ ಈ ಐದರಲ್ಲಿ ಮೂರು ಸಾಕು ಎಂಬುದು ನನ್ನ ಅಭಿಪ್ರಾಯ: ಅಪ್, ಓವರ್, ವ್ಹೀಲ್. ರಿವರ್ಸ್ ಚೆಂದದ ಆಟವೇ, ಆದರೆ ಜೊತೆಗಾರ ಅಲ್ಲಿಲ್ಲದಿದ್ದರೆ ಅದು ಗೋಲಿನ ಮುಂದೆ ಎದುರಾಳಿಗೆ ಕೊಟ್ಟ ಉಡುಗೊರೆ. ಮೂರನ್ನು ಕಲಿತ ಮೇಲೆ ಅದನ್ನು ಸೇರಿಸಿ. ರಿಮ್ ಅನ್ನು ಯಾರೂ ಕಲಿಸಬೇಕಿಲ್ಲ, ಹೆದರಿದ ಮಕ್ಕಳು ಅದನ್ನು ತಾವಾಗಿಯೇ ಮಾಡುತ್ತಾರೆ. ಕಲಿಸಬೇಕಾದದ್ದು ಆ ಪಕ್ ಅನ್ನು ಬೋರ್ಡಿನ ಬಳಿ ನಿಲ್ಲಿಸಿಕೊಳ್ಳುವ ವಿಂಗರ್‌ಗೆ.

ಕೂಗಬೇಕಾದವನು ಪಕ್ ತರಲು ಹೋದವನಲ್ಲ. ಅವನ ಮುಖ ಗೋಡೆಯ ಕಡೆಗಿರುತ್ತದೆ. ಆಟ ಪೂರ್ತಿ ಕಾಣುವುದು ಗೋಲ್‌ಕೀಪರ್‌ಗೆ ಮತ್ತು ಗೋಲಿನ ಮುಂದೆ ಬಂದು ನಿಂತ ರಕ್ಷಣಾ ಜೊತೆಗಾರನಿಗೆ; ಕರೆ ಅವರಿಬ್ಬರಿಂದ ಬರಬೇಕು. ಆದರೆ ಬಹಳಷ್ಟು ಅಭ್ಯಾಸಗಳಲ್ಲಿ ಬ್ರೇಕ್‌ಔಟ್ ನಡೆಯುವಾಗ ಗೋಲ್‌ಕೀಪರ್‌ಗಳನ್ನು ಇನ್ನೊಂದು ತುದಿಗೆ ಕಳುಹಿಸಿ ಶಾಟ್‌ಗಳನ್ನು ತಡೆಯಲು ಹಚ್ಚಿರುತ್ತಾರೆ, ಆಮೇಲೆ ಪಂದ್ಯದಲ್ಲಿ ಅವರು ಮಾತಾಡುವುದಿಲ್ಲವೆಂದು ದೂರುತ್ತಾರೆ. ಅವರನ್ನು ಅಭ್ಯಾಸದೊಳಕ್ಕೆ ಕರೆಯಿರಿ. ಬೋರ್ಡಿನ ಗುಂಟ ಸುತ್ತಿ ಬರುವ ಪಕ್ ಅನ್ನು ಗೋಲಿನ ಹಿಂದೆ ಹೋಗಿ ನಿಲ್ಲಿಸಿ, ಜೊತೆಗಾರನಿಗೆ ಸರಿಯಾಗಿ ಸಿಗುವಂತೆ ಬೋರ್ಡಿನಿಂದ ಒಂದಿಷ್ಟು ಈಚೆಗೆ ಬಿಟ್ಟು ಬರುವ ಗೋಲ್‌ಕೀಪರ್ ಮೂರನೆಯ ರಕ್ಷಣಾ ಆಟಗಾರನಿದ್ದಂತೆ. ಎನ್‌ಎಚ್‌ಎಲ್ 2005–06ರ ಋತುವಿನಿಂದ ಗೋಲಿನ ಹಿಂದೆ ಚತುರ್ಭುಜಾಕಾರದ ಜಾಗವನ್ನು ಗುರುತಿಸಿ, ಗೋಲ್ ಗೆರೆಯ ಹಿಂದೆ ಅದರ ಹೊರಗೆ ಗೋಲ್‌ಕೀಪರ್ ಪಕ್ ಮುಟ್ಟಿದರೆ ಪೆನಾಲ್ಟಿ ಎಂದು ನಿಯಮ ಮಾಡಿರುವುದನ್ನು ನೋಡಿದರೆ, ಪಕ್ ಆಡಬಲ್ಲ ಗೋಲ್‌ಕೀಪರ್‌ಗಳು ಎದುರಾಳಿಗಳನ್ನು ಎಷ್ಟು ಕಾಡಿದ್ದರು ಎಂಬುದು ತಿಳಿಯುತ್ತದೆ. ನಿಮ್ಮ ಕೂಟದ ನಿಯಮ ಏನಿದೆ ಎಂದು ಮಾತ್ರ ಮೊದಲೇ ನೋಡಿಕೊಳ್ಳಿ.

ಕರೆಗಳು ಯಾವ ಭಾಷೆಯಲ್ಲಿ ಬೇಕಾದರೂ ಇರಲಿ. ಅವು ಚಿಕ್ಕದಾಗಿರಬೇಕು, ಒಂದರಂತೆ ಇನ್ನೊಂದು ಕೇಳಿಸಬಾರದು, ಅಷ್ಟೆ.

ಪ್ರಶ್ನೆ: ನಮ್ಮ ವಿಂಗರ್‌ಗಳು ಪಕ್ ನಮ್ಮದಾಗುವ ಮೊದಲೇ ಮಧ್ಯ ವಲಯಕ್ಕೆ ಹಾರಿ ಉದ್ದದ ಪಾಸಿಗಾಗಿ ಕಾಯುತ್ತಾರೆ. ಇಬ್ಬರು ವಿಂಗರ್‌ಗಳ ನಡುವೆ ಆಡುವ ಸೆಂಟರ್ ಕೂಡ ಅವರ ಹಿಂದೆಯೇ ಹೋಗುತ್ತಾನೆ. ದೊಡ್ಡವರ ಪಂದ್ಯಗಳಲ್ಲಿ ಹಾಗೆಯೇ ಮಾಡುತ್ತಾರಲ್ಲ ಎಂಬುದು ಅವರ ವಾದ. ಏನು ಹೇಳಲಿ?

ಉತ್ತರ: ವಾದದಲ್ಲಿ ಹುರುಳಿಲ್ಲದಿಲ್ಲ. ತನ್ನ ವಲಯದಿಂದ ನಡುವಿನ ಕೆಂಪು ಗೆರೆಯಾಚೆಗೆ ನೇರ ಪಾಸ್ ಕೊಡಬಾರದು ಎಂಬ ನಿಯಮವನ್ನು ಅಂತರರಾಷ್ಟ್ರೀಯ ಐಸ್ ಹಾಕಿಯು 1998ರಲ್ಲಿ, ಎನ್‌ಎಚ್‌ಎಲ್ 2005–06ರಲ್ಲಿ ಕೈಬಿಟ್ಟವು. ಅಂದಿನಿಂದ ಉದ್ದದ ಪಾಸ್ ದೊಡ್ಡ ಆಯುಧವಾಗಿದೆ. ಆದರೆ ಆ ಪಾಸ್ ತಪ್ಪಿ, ಯಾರಿಗೂ ತಾಗದೆ ಎದುರಾಳಿಯ ಗೋಲ್ ಗೆರೆಯನ್ನು ದಾಟಿದರೆ ಐಸಿಂಗ್ ಆಗುತ್ತದೆ. ಆಟ ಮತ್ತೆ ಶುರುವಾಗಲು ಇಬ್ಬರ ನಡುವೆ ಪಕ್ ಬೀಳಿಸುವ ಫೇಸ್‌ಆಫ್ ನಿಮ್ಮದೇ ವಲಯಕ್ಕೆ ಮರಳುತ್ತದೆ. ಎನ್‌ಎಚ್‌ಎಲ್‌ನಲ್ಲಿ 2005–06ರಿಂದ ಐಸಿಂಗ್ ಮಾಡಿದ ತಂಡವು ಆಟಗಾರರನ್ನು ಬದಲಿಸುವಂತೆಯೂ ಇಲ್ಲ, ಆಗ ದಣಿದವರೇ ಮತ್ತೆ ರಕ್ಷಣೆಗೆ ನಿಲ್ಲಬೇಕು. ಹಾರಿಹೋದ ಮೂವರು ಹಿಂದೆ ಬಿಟ್ಟುಹೋದದ್ದು ಇಬ್ಬರನ್ನು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ವಿಂಗರ್‌ಗೆ ನಾನು ಕೊಡುವ ಜಾಗ ಪಕ್ ಇರುವ ಬದಿಯ ಬೋರ್ಡಿನ ಬಳಿ, ಫೇಸ್‌ಆಫ್ ವೃತ್ತದ ನಡುಮಟ್ಟದಲ್ಲಿ. ಅವನ ಬೆನ್ನು ಬೋರ್ಡಿಗಿರಬೇಕು. ಆಗ ಪಕ್ ತರುತ್ತಿರುವ ಜೊತೆಗಾರನೂ ನೀಲಿ ಗೆರೆಯಿಂದ ಒಳನುಗ್ಗುವ ಎದುರಾಳಿಯ ರಕ್ಷಣಾ ಆಟಗಾರನೂ ಅವನಿಗೆ ಒಟ್ಟಿಗೆ ಕಾಣುತ್ತಾರೆ. ಮುಖವನ್ನು ಬೋರ್ಡಿಗೆ ಹಾಕಿ ನಿಂತವನಿಗೆ ಪಕ್ ಒಂದೇ ಕಾಣುತ್ತದೆ, ಮತ್ತು ಬೆನ್ನಿಗೆ ಬೀಳುವ ಪೆಟ್ಟು ಅಪಾಯಕಾರಿಯೂ ಹೌದು. ಇನ್ನೊಂದು ಬದಿಯ ವಿಂಗರ್ ಓರೆಯಾಗಿ ನಡುವಿನ ಕಡೆಗೆ ಬರಬೇಕು; ಅವನಿಗೆ ಹಾರುವ ಆಸೆಯಿದ್ದರೆ ಪಕ್ ಜೊತೆಗಾರನ ಹಿಡಿತಕ್ಕೆ ಬಂದದ್ದನ್ನು ಕಣ್ಣಾರೆ ಕಂಡ ಮೇಲೆ ಹಾರಲಿ.

ಸೆಂಟರ್‌ನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಅವನು ಮೊದಲು ಕೆಳಗೆ ಇಳಿಯಬೇಕು, ಗೋಲಿನ ಮುಂದೆ ನಿಧಾನವಾಗಿ ಬಳಸಿ ಪಕ್ ಇರುವ ಬದಿಗೆ ಬರಬೇಕು, ಆಮೇಲೆ ವೇಗ ಹಿಡಿಯಬೇಕು. ವಿಂಗರ್‌ಗೆ ಬಂದ ಪಕ್ ಅಲ್ಲೇ ಸಿಕ್ಕಿಹಾಕಿಕೊಂಡರೆ ಹತ್ತಡಿ ಈಚೆಗೆ ಸೆಂಟರ್ ಇದ್ದಾನೆಂಬ ಭರವಸೆಯೇ ಇಡೀ ಬ್ರೇಕ್‌ಔಟ್‌ನ ಬೆನ್ನೆಲುಬು. ಇದನ್ನು ಕಲಿಸಲು ಒಂದು ಷರತ್ತು ಸಾಕಾಗುತ್ತದೆ: ಅಭ್ಯಾಸದಲ್ಲಿ ಸೆಂಟರ್ ಪಕ್ ಮುಟ್ಟದೆ ನೀಲಿ ಗೆರೆ ದಾಟಿದರೆ ಅಂಕವಿಲ್ಲ. ಎರಡು ವಾರ ಈ ಷರತ್ತನ್ನು ಇಟ್ಟು ಆಮೇಲೆ ತೆಗೆದುಬಿಡಿ, ಇಲ್ಲದಿದ್ದರೆ ಎದುರಾಳಿ ಸೆಂಟರ್ ಒಬ್ಬನನ್ನೇ ಕಾಯುತ್ತಾನೆ.

ಪ್ರಶ್ನೆ: ರಕ್ಷಣಾ ಆಟಗಾರನು ಪಕ್ ಅನ್ನು ತಾನೇ ಮುಂದಕ್ಕೆ ಒಯ್ಯಬಹುದೇ? ನಮ್ಮ ಹಿರಿಯ ತರಬೇತುದಾರರು ಕೂಡದು ಎನ್ನುತ್ತಾರೆ.

ಉತ್ತರ: ಮುಂದೆ ಬಯಲಿದ್ದರೆ ಧಾರಾಳವಾಗಿ ಒಯ್ಯಲಿ. ಬಾಬಿ ಓರ್ ರಕ್ಷಣಾ ಆಟಗಾರನಾಗಿದ್ದುಕೊಂಡೇ 1969–70 ಮತ್ತು 1974–75ರಲ್ಲಿ ಎನ್‌ಎಚ್‌ಎಲ್‌ನ ಅತಿ ಹೆಚ್ಚು ಪಾಯಿಂಟ್‌ಗಳ (ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಸೇರಿ) ಪ್ರಶಸ್ತಿ ಪಡೆದರು. ಬೇರೆ ಯಾವ ರಕ್ಷಣಾ ಆಟಗಾರನಿಗೂ ಅದು ದಕ್ಕಿಲ್ಲ. ಒಂದು ಕರಾರು ಮಾತ್ರ ಇರಲಿ: ಅವನು ಹೋದ ಜಾಗಕ್ಕೆ ಒಬ್ಬ ಫಾರ್ವರ್ಡ್, ಅಂದರೆ ವಿಂಗರ್ ಅಥವಾ ಸೆಂಟರ್, ಹಿಂದೆ ಉಳಿಯಬೇಕು. ಆ ಫಾರ್ವರ್ಡ್ ಯಾರು ಎಂದು ಅಭ್ಯಾಸದಲ್ಲೇ ಹೆಸರು ಹಿಡಿದು ಕೂಗಿಸಿ. ಹಿರಿಯರ ಅಂಜಿಕೆ ಇರುವುದು ಆ ಖಾಲಿ ಜಾಗದ ಬಗ್ಗೆಯೇ ಇರಬೇಕು.

ಪ್ರಶ್ನೆ: ಟ್ರಾನ್ಸಿಷನ್ ಆಟವನ್ನು ಅಭ್ಯಾಸದಲ್ಲಿ ತರುವುದು ಹೇಗೆಂದು ಹೊಳೆಯುತ್ತಿಲ್ಲ. ನಮ್ಮ ಅಭ್ಯಾಸಗಳೆಲ್ಲ ಒಂದು ಶಾಟ್‌ನೊಂದಿಗೆ ಮುಗಿದು, ಎಲ್ಲರೂ ಸಾಲಿಗೆ ಮರಳುತ್ತಾರೆ. ಮುಂದೆ ಹೋದಾಗಲೂ ಮೂವರಲ್ಲಿ ಒಬ್ಬನಾದರೂ ಪಕ್‌ಗಿಂತ ಮೊದಲೇ ಎದುರಾಳಿಯ ನೀಲಿ ಗೆರೆ ದಾಟಿ ಆಫ್‌ಸೈಡ್ ಆಗಿರುತ್ತಾನೆ.

ಉತ್ತರ: ರೋಗವನ್ನು ನೀವೇ ಹೇಳಿದ್ದೀರಿ. ಶಾಟ್‌ಗೆ ಮುಗಿಯುವ ಅಭ್ಯಾಸವು ಶಾಟ್ ಆದ ಮೇಲೆ ಆಟ ಮುಗಿಯಿತೆಂದು ಮೈಗೆ ಕಲಿಸುತ್ತದೆ. ಪಂದ್ಯದಲ್ಲಿ ಶಾಟ್ ತಪ್ಪಿಸಿಕೊಂಡ ಹುಡುಗ ಛಾವಣಿ ನೋಡುತ್ತಾ ಮೆಲ್ಲಗೆ ತಿರುಗುವುದನ್ನು ಗಮನಿಸಿದ್ದೀರಾ? ಅದು ಸೋಮಾರಿತನವಲ್ಲ, ಅಭ್ಯಾಸ. ಹಾಗಾಗಿ ಮುಗಿಯದ ಅಭ್ಯಾಸವೊಂದನ್ನು ಕಟ್ಟಬೇಕು.

ಮೂವರು ಕೆಂಪು ಫಾರ್ವರ್ಡ್‌ಗಳು ಇಬ್ಬರು ನೀಲಿ ರಕ್ಷಣಾ ಆಟಗಾರರ ಮೇಲೆ ದಾಳಿ ಮಾಡಲಿ. ಅದೇ ವಲಯದ ಎರಡು ಬದಿಯ ಬೋರ್ಡುಗಳ ಬಳಿ ಮತ್ತು ನೀಲಿ ಗೆರೆಯ ನಡುಭಾಗದಲ್ಲಿ ಮೂವರು ನೀಲಿ ಫಾರ್ವರ್ಡ್‌ಗಳು ಕಾಯುತ್ತಿರಲಿ. ಅವರು ರಕ್ಷಣೆಗೆ ಕೈಹಾಕಬಾರದು. ನೀಲಿ ರಕ್ಷಣಾ ಆಟಗಾರರು ಪಕ್ ಗೆದ್ದ ಕೂಡಲೇ, ಅಥವಾ ಗೋಲ್‌ಕೀಪರ್ ತಡೆದು ಅವರಿಗೆ ಒಪ್ಪಿಸಿದ ಕೂಡಲೇ, ಕಾಯುತ್ತಿದ್ದವರಿಗೆ ಪಾಸ್ ಕೊಡಬೇಕು. ಆ ಮೂವರು ಇನ್ನೊಂದು ತುದಿಯತ್ತ ಹೊರಡುತ್ತಾರೆ, ಅಲ್ಲಿ ಇಬ್ಬರು ಕೆಂಪು ರಕ್ಷಣಾ ಆಟಗಾರರು ಎದುರಾಗುತ್ತಾರೆ, ಹೊಸದಾಗಿ ಇಳಿದ ಮೂವರು ಕೆಂಪು ಫಾರ್ವರ್ಡ್‌ಗಳು ಆ ಕಡೆ ಕಾಯುತ್ತಿರುತ್ತಾರೆ. ಪಕ್ ಕಳೆದುಕೊಂಡ ಮೊದಲ ಮೂವರು ಸಾಲಿಗೆ ಮರಳುವಂತಿಲ್ಲ. ನಡುವಿನ ಕೆಂಪು ಗೆರೆಯ ತನಕ ಪಕ್ ಒಯ್ಯುವವರನ್ನು ಬೆನ್ನಟ್ಟಿ, ಆಮೇಲೆ ಹೊರಗೆ ಹೋಗಬೇಕು. ಹೀಗೆ ಆಟ ಅತ್ತಿತ್ತ ಹರಿಯುತ್ತಲೇ ಇರುತ್ತದೆ. ಪಕ್ ಗೆದ್ದು ಎರಡು ಸೆಕೆಂಡಿನೊಳಗೆ ಮೊದಲ ಪಾಸ್ ಹೋಗಬೇಕೆಂಬ ನಿಯಮವಿಡಿ, ನೀವೇ ಗಟ್ಟಿಯಾಗಿ ಎಣಿಸಿ. ಒಂದು ವಾರದ ನಂತರ ನಡುನಡುವೆ ಸೀಟಿ ಊದಿ ಎರಡನೆಯ ಪಕ್ ಅನ್ನು ನಿಮಗೆ ತೋಚಿದ ಮೂಲೆಗೆ ಎಸೆಯಿರಿ. ಸೀಟಿ ಕೇಳಿದೊಡನೆ ಹಳೆಯ ಪಕ್ ಸತ್ತಂತೆ. ಆ ಗೊಂದಲದ ಮೂರು ಹೆಜ್ಜೆಗಳಲ್ಲಿ ಯಾರು ಮೊದಲು ಹೊರಳುತ್ತಾರೆ ಎಂಬುದನ್ನು ನೋಡುವುದೇ ಈ ಅಭ್ಯಾಸದ ಉದ್ದೇಶ.

ಎರಡನೆಯದು, ದಾರಿ ಮುಚ್ಚಿದಾಗ ಹಿಂತಿರುಗುವ ಕಲೆ, ಅಂದರೆ ರೀಗ್ರೂಪ್. ಎರಡು ನೀಲಿ ಗೆರೆಗಳ ನಡುವೆ ಎನ್‌ಎಚ್‌ಎಲ್ ಅಳತೆಯಲ್ಲಿ 50 ಅಡಿ ಇರುತ್ತದೆ, ಎದುರಾಳಿ ನಾಲ್ವರನ್ನು ಅಲ್ಲಿ ಸಾಲಾಗಿ ನಿಲ್ಲಿಸಿದರೆ ನುಗ್ಗುವ ಜಾಗವೇ ಇರುವುದಿಲ್ಲ. 1980ರ ದಶಕದಲ್ಲಿ ಸೋವಿಯತ್ ಒಕ್ಕೂಟಕ್ಕೆ ಒಟ್ಟಾಗಿ ಆಡಿದ ಕ್ರುಟೋವ್, ಲಾರಿಯೊನೋವ್, ಮಕಾರೋವ್, ಫೆಟಿಸೋವ್, ಕಸಟೋನೋವ್ ಎಂಬ ಐವರು, ಮುಂದೆ ದಾರಿ ಕಾಣದಿದ್ದರೆ ಪಕ್ ಅನ್ನು ಎಸೆದುಬಿಡುವ ಬದಲು ನಾಚಿಕೆಯಿಲ್ಲದೆ ಹಿಂದಕ್ಕೆ ಒಯ್ದು ಮತ್ತೆ ಕಟ್ಟಿಕೊಂಡು ಬರುತ್ತಿದ್ದರು. ಮಕ್ಕಳಿಗೆ ಇದನ್ನು ಹೀಗೆ ಮಾಡಿಸಿ: ಪಕ್ ಇರುವ ರಕ್ಷಣಾ ಆಟಗಾರನಿಗಿಂತ ಜೊತೆಗಾರನು ನಾಲ್ಕೈದು ಮೀಟರ್ ಹಿಂದೆ ಇರಲಿ, ಸಮಸಾಲಿನಲ್ಲಿ ಬೇಡ. ಸಮಸಾಲಿನ ಪಾಸ್ ಎದುರಾಳಿಯ ಸ್ಟಿಕ್ಕಿಗೆ ಸಿಕ್ಕರೆ ಇಬ್ಬರೂ ಒಮ್ಮೆಲೇ ಹಿಂದುಳಿಯುತ್ತಾರೆ. ಪಾಸ್ ಅತ್ತಿಂದಿತ್ತ ಹೋಗುವಷ್ಟರಲ್ಲಿ ಫಾರ್ವರ್ಡ್‌ಗಳು ನಿಲ್ಲದೆ ಬಳಸಿ ಬಂದು ವೇಗ ಕೂಡಿಸಿಕೊಳ್ಳಬೇಕು.

ಆಫ್‌ಸೈಡ್‌ನ ತೊಂದರೆಯ ಬೇರು ಇಲ್ಲೇ ಇದೆ. ನಿಮ್ಮ ಫಾರ್ವರ್ಡ್‌ಗಳು ನೀಲಿ ಗೆರೆಯ ಬಳಿ ಬಂದು ನಿಂತು ಕಾಯುತ್ತಾರೆ, ಪಕ್ ತಡವಾಗುತ್ತದೆ, ಕಾಲು ಜಾರುತ್ತದೆ. ಗೆರೆಗೆ ನೇರವಾಗಿ ಓಡದೆ ಗೆರೆಯ ಗುಂಟ ಅಡ್ಡವಾಗಿ ಬಾಗಿ ಓಡುವವನಿಗೆ ಪಕ್‌ಗಾಗಿ ಕಾಯಲು ಜಾಗವಿರುತ್ತದೆ, ವೇಗವೂ ಉಳಿಯುತ್ತದೆ. ಎನ್‌ಎಚ್‌ಎಲ್ 2020–21ರಿಂದ ಹಿಂದಿನ ಸ್ಕೇಟ್ ಗೆರೆಯ ಮೇಲೆ ಗಾಳಿಯಲ್ಲಿದ್ದರೂ ಸಾಕು ಎಂದು ಸಡಿಲಿಸಿದೆ. ಮಕ್ಕಳಿಗೆ ಅದನ್ನು ಹೇಳುವ ಆತುರ ಬೇಡ. ಸ್ಕೇಟ್ ಮಂಜುಗಡ್ಡೆಯ ಮೇಲಿರಲಿ ಎಂದೇ ಕಲಿಸುವುದು ಕ್ಷೇಮ.

ಪ್ರಶ್ನೆ: ನಮಗೆ ಸಿಗುವುದು ಅರ್ಧ ರಿಂಕ್, ಐವತ್ತು ನಿಮಿಷ, ಆಟಗಾರರು ಇಪ್ಪತ್ತು. ಇಷ್ಟರಲ್ಲಿ ಇದೆಲ್ಲ ಸಾಧ್ಯವೇ?

ಉತ್ತರ: ಬ್ರೇಕ್‌ಔಟ್‌ಗೆ ಅರ್ಧ ರಿಂಕ್ ಬೇಕಾದಷ್ಟಾಯಿತು, ಏಕೆಂದರೆ ಅದು ನೀಲಿ ಗೆರೆಯಲ್ಲಿ ಮುಗಿಯುತ್ತದೆ. ನೀಲಿ ಗೆರೆಯಾಚೆ, ಕೆಂಪು ಗೆರೆಯ ಮೇಲೆ, ಎರಡು ಚಿಕ್ಕ ಗೋಲುಗಳನ್ನು ಬದಿಗೊಂದರಂತೆ ಇಡಿ. ಹೊರತಂದ ತಂಡವು ಅವುಗಳಲ್ಲಿ ಒಂದಕ್ಕೆ ಪಕ್ ಹಾಕಬೇಕು, ತಡೆದ ತಂಡವು ದೊಡ್ಡ ಗೋಲಿಗೆ ಹೊಡೆಯಬೇಕು. ಹೀಗೆ ಬ್ರೇಕ್‌ಔಟ್ ಮತ್ತು ಟ್ರಾನ್ಸಿಷನ್ ಎರಡೂ ಒಂದೇ ಆಟದಲ್ಲಿ ಬರುತ್ತವೆ. ಐವರಿಗೆ ಐವರ ಬದಲು ಮೂವರಿಗೆ ಮೂವರನ್ನು ಆಡಿಸಿದರೆ ಪ್ರತಿಯೊಬ್ಬನಿಗೂ ಪಕ್ ಹೆಚ್ಚು ಸಿಗುತ್ತದೆ. ಪಂದ್ಯದಲ್ಲಿ ಒಂದು ಸರದಿ ಸುಮಾರು 40ರಿಂದ 50 ಸೆಕೆಂಡು ಇರುವುದರಿಂದ ಇಲ್ಲಿಯೂ 40 ಸೆಕೆಂಡಿಗೆ ಸೀಟಿ ಊದಿ. ಮೂರು ಗುಂಪು ಮಾಡಿಕೊಂಡರೆ ಆಡಿದ್ದರ ಎರಡರಷ್ಟು ವಿಶ್ರಾಂತಿ ತಾನಾಗಿ ಸಿಗುತ್ತದೆ. ಹಲಗೆಯ ಮೇಲೆ ಚಿತ್ರ ಬರೆದು ವಿವರಿಸುವ ಕೆಲಸವನ್ನು ಬಟ್ಟೆ ಬದಲಿಸುವ ಕೋಣೆಯಲ್ಲೇ ಮುಗಿಸಿ ಬನ್ನಿ. ರಿಂಕ್‌ನ ಮೇಲೆ ಇಪ್ಪತ್ತು ಮಕ್ಕಳನ್ನು ಮಂಡಿಯೂರಿ ಕೂರಿಸಿ ಎಂಟು ನಿಮಿಷ ಭಾಷಣ ಮಾಡುವವರನ್ನು ಕಂಡರೆ ನನಗೆ ಇಂದಿಗೂ ಮೈಯುರಿಯುತ್ತದೆ.

ಪ್ರಶ್ನೆ: ಸುಧಾರಣೆ ಆಗುತ್ತಿದೆಯೇ ಎಂದು ತಿಳಿಯಲು ಏನನ್ನು ಎಣಿಸಬೇಕು?

ಉತ್ತರ: ಗೋಲುಗಳನ್ನಲ್ಲ. ಬೆಂಚಿನಲ್ಲಿ ಕೂತ ಒಬ್ಬ ಹಿರಿಯರ ಕೈಗೆ ಕಾಗದ ಕೊಟ್ಟು, ಪಕ್ ನಿಮ್ಮ ವಲಯದಿಂದ ಹೊರಬಂದಾಗಲೆಲ್ಲ ಅದು ಹಿಡಿತದಲ್ಲಿ ಬಂದಿತೋ, ಬರಿದೇ ತಳ್ಳಲ್ಪಟ್ಟಿತೋ ಎಂದು ಎರಡು ಕಡೆ ಗೆರೆ ಹಾಕಲು ಹೇಳಿ. ಇನ್ನೊಬ್ಬರು ಒಬ್ಬನೇ ಒಬ್ಬ ರಕ್ಷಣಾ ಆಟಗಾರನನ್ನು ಪಂದ್ಯವಿಡೀ ನೋಡುತ್ತಾ, ಪಕ್ ತರಲು ಹೋದ ಪ್ರತಿ ಸಲವೂ ಅವನು ಹೆಗಲ ಮೇಲಿಂದ ಎಷ್ಟು ಬಾರಿ ಹಿಂತಿರುಗಿ ನೋಡಿದ ಎಂದು ಬರೆದುಕೊಳ್ಳಲಿ. ಆ ಸಂಖ್ಯೆಯನ್ನು ಪಂದ್ಯ ಮುಗಿದ ಮೇಲೆ ಆ ಹುಡುಗನಿಗೆ ಮಾತ್ರ, ಎಲ್ಲರ ಎದುರಿಗಲ್ಲದೆ, ತೋರಿಸಿ. ಮುಂದಿನ ಪಂದ್ಯಕ್ಕೆ ಬೇರೊಬ್ಬನನ್ನು ಆರಿಸಿಕೊಳ್ಳಿ, ಯಾರನ್ನು ಎಂದು ಮೊದಲೇ ಹೇಳಬೇಡಿ.